ಕಟ್ಟೆ, ಹೊಲ ಮತ್ತು ಸಮುದಾಯ ಭವನ

ನೆಲದೊಡನೆ ಜನಸಮುದಾಯಕ್ಕಿರುವ ನಂಟು ಕಟ್ಟಡದ ರೂಪ ಪಡೆಯಬಲ್ಲದೇ ಎಂಬ ಪ್ರಶ್ನೆಗೆ ಆಸ್ಟ್ರೇಲಿಯಾದ ಉಲುರು ಸಾಂಸ್ಕೃತಿಕ ಕೇಂದ್ರ ಒಂದು ಉತ್ತರ. ಅಲ್ಲಿನ ನೆಲದ ಒಡೆತನ 1985ರಲ್ಲಿ ಅನಂಗು ಮೂಲನಿವಾಸಿಗಳಿಗೆ ಮರಳಿತು. ಅವರೊಡನೆ ಸಮಾಲೋಚಿಸಿ ವಾಸ್ತುಶಿಲ್ಪಿ ಗ್ರೆಗರಿ ಬರ್ಜೆಸ್ ರೂಪಿಸಿದ ಮಣ್ಣಿಟ್ಟಿಗೆಯ ಕಟ್ಟಡ 1995ರಲ್ಲಿ ತೆರೆಯಿತು. ಒಡೆತನ ಮೊದಲು, ವಿನ್ಯಾಸ ಅನಂತರ ಎಂಬ ಈ ಕ್ರಮ ಗಮನಾರ್ಹ.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಕರಿನೆಲದಲ್ಲಿ ಇಂಥ ನಂಟಿನ ಪ್ರಕಟರೂಪ ಎಳ್ಳಮವಾಸ್ಯೆ. ಅಂದು ಹೊಲವೇ ಸಮುದಾಯದ ಅಂಗಳ. ಸಜ್ಜೆ ರೊಟ್ಟಿ, ಭಜ್ಜಿಯ ಬುತ್ತಿ ಹೊತ್ತು ಹೋದ ಕುಟುಂಬಗಳು ಬೆಳೆಗೆ ಚರಗ ಚೆಲ್ಲಿ, ಬಂಧುಬಳಗದೊಡನೆ ಉಣ್ಣುತ್ತವೆ. ಊರೊಳಗಿನ ಬೇವಿನ ನೆರಳಿನ ಕಟ್ಟೆ, ಅಗಸಿ, ಪರಸಿ ಹಾಸಿದ ಗುಡಿಯಂಗಳಗಳೂ ಈ ಸೀಮೆಯ ಕಲ್ಲುಮಣ್ಣಿನಿಂದಲೇ ಎದ್ದವು. ಇವುಗಳ ಪಕ್ಕದಲ್ಲಿ ಸಿಮೆಂಟಿನ ಸಮುದಾಯ ಭವನ ಪರಕೀಯವಾಗಿ ತೋರುವುದು ಸಹಜ. ಬೇಸಿಗೆಯಲ್ಲಿ ಅದರ ತಾರಸಿ ಕಾಯುತ್ತದೆ. ಸಮಾರಂಭವಿಲ್ಲದ ದಿನ ಬಾಗಿಲಿಗೆ ಬೀಗವಿರುತ್ತದೆ.

ಆದರೆ ಕಟ್ಟೆಯನ್ನು ಆದರ್ಶವಾಗಿಸುವ ವಿಮರ್ಶೆ ಅರ್ಧಸತ್ಯ. ಕಟ್ಟೆಯ ಮೇಲೆ ದಲಿತರು ಸರಿಸಮನಾಗಿ ಕೂಡುವಂತಿರಲಿಲ್ಲ. ಹೆಣ್ಣುಮಕ್ಕಳು ತಲೆಗೆ ಸೆರಗು ಹೊದ್ದು ಬದಿಗೆ ಸರಿದು ಹೋಗಬೇಕಿತ್ತು. ಚರಗ ಚೆಲ್ಲಲೂ ಹೊಲ ಬೇಕು. ಭೂಹೀನ ಕೂಲಿಕಾರನಿಗೆ ಅದು ಒಡೆಯನ ಹೊಲ. ಈ ಹಿನ್ನೆಲೆಯಲ್ಲಿ ಕೇರಿಯೊಂದರಲ್ಲಿ ಎದ್ದ ಸೊಗಸಿಲ್ಲದ ಭವನವು, ಮೇಲಿನವರ ಅಪ್ಪಣೆ ಬೇಡದೆ ಸಭೆ ಸೇರಬಹುದಾದ ಸೂರು ಎಂಬುದನ್ನು ಮರೆಯಲಾಗದು.

ಆದ್ದರಿಂದ ಈ ಭಾಗದ ವಿನ್ಯಾಸವು ಪರಂಪರೆಯಿಂದ ಪಡೆಯಬೇಕಾದುದು ನೆರಳು, ಕಲ್ಲು, ತೆರೆದ ಅಂಗಳ. ಬಿಡಬೇಕಾದುದು ಕೂಡುವ ನೆಲೆಯ ಮೇಲುಕೀಳು. ನಕ್ಷೆ ಬರೆಯುವ ಮುನ್ನವೇ ಕೇರಿಯವರೂ ಹೆಣ್ಣುಮಕ್ಕಳೂ ಮಾತನಾಡುವಂತಾದರೆ ಮಾತ್ರ ‘ಸಮುದಾಯ’ ಎಂಬ ಹೆಸರು ಆ ಕಟ್ಟಡಕ್ಕೆ ಸಲ್ಲುತ್ತದೆ.