ನೀಲಗಿರಿಯನ್ನು ಕಂಡ ಇಬ್ಬರು ಸೇನಾಧಿಕಾರಿಗಳು

ಪರನಾಡಿಗೆ ಹೋದ ಸೈನಿಕನು ಅಲ್ಲಿಯ ಹಳ್ಳಿಗಳ ನಿತ್ಯಜೀವನವನ್ನು ಕಂಡು ಬರೆದಿಟ್ಟ ಗ್ರಂಥಗಳು ಸಾಹಿತ್ಯದಲ್ಲಿ ಒಂದು ಪ್ರತ್ಯೇಕ ಜಾತಿಯವು. ವ್ಯಾಪಾರಿಯು ಸರಕಿನ ಬೆಲೆಯನ್ನು ನೋಡುತ್ತಾನೆ. ಪಾದ್ರಿಯು ಜನರ ನಂಬಿಕೆಯನ್ನು ನೋಡುತ್ತಾನೆ. ಸೈನಿಕನಾದರೋ ದಾರಿಯನ್ನು, ನೀರಿನ ತಾಣವನ್ನು, ಮನೆಯ ಬಾಗಿಲನ್ನು, ಎದುರಿಗೆ ಬರುವವನ ಕೈಗಳನ್ನು ನೋಡುತ್ತಾನೆ. ಆದುದರಿಂದ ಇಂತಹ ಗ್ರಂಥಗಳಲ್ಲಿ ವಿವರಗಳು ಸ್ಫುಟವಾಗಿರುತ್ತವೆ; ತೀರ್ಮಾನಗಳು ಮಾತ್ರ ಬಹುಮಟ್ಟಿಗೆ ಅವಸರದವಾಗಿರುತ್ತವೆ.

ಇದಕ್ಕೆ ಪ್ರಸಿದ್ಧವಾದ ಉದಾಹರಣೆ ಅಲೆಕ್ಸಾಂಡರ್ ಬರ್ನ್ಸನದು. ಮುಂಬಯಿ ಸೇನೆಯ ಈ ಅಧಿಕಾರಿಯು ಕಾಬೂಲಿನ ಮಾರ್ಗವಾಗಿ ಬುಖಾರಕ್ಕೆ ಹೋಗಿಬಂದು, 1834ರಲ್ಲಿ ತನ್ನ ಪ್ರವಾಸಕಥನವನ್ನು ಪ್ರಕಟಿಸಿದನು. ಆಫ್ಘನರ ನಾಡನ್ನು ಆಗ ಅವನು ಪಥಿಕನಾಗಿ, ಅತಿಥಿಯಾಗಿ ಕಂಡಿದ್ದನು. ಅದೇ ಬರ್ನ್ಸನು 1839ರಲ್ಲಿ ದಂಡಿನೊಡನೆ ಕಾಬೂಲಿಗೆ ಮರಳಿದನು. 1841ರ ನವೆಂಬರಿನಲ್ಲಿ ಜನರು ದಂಗೆಯೆದ್ದಾಗ ಅಲ್ಲಿಯೇ ಹತನಾದನು. ಅಷ್ಟು ಚೆನ್ನಾಗಿ ನೋಡಬಲ್ಲವನಿಗೆ ತನ್ನ ನೆರೆಯವರ ಮನಸ್ಸು ಕೇಳಿಸಲಿಲ್ಲ. ನೋಡುವುದು ಬೇರೆ, ಕೇಳುವುದು ಬೇರೆ ಎಂಬ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು, ನಮ್ಮ ನೀಲಗಿರಿಯನ್ನೇ ಕುರಿತು ಇಬ್ಬರು ಸೇನಾಧಿಕಾರಿಗಳು ಬರೆದ ಗ್ರಂಥಗಳನ್ನು ಪರಿಶೀಲಿಸಬೇಕೆಂಬುದು ನಮ್ಮ ಇಚ್ಛೆ. ಅವು ಈಗ ಅಂತರಜಾಲದಲ್ಲಿ ವೆಚ್ಚವಿಲ್ಲದೆ ಓದಲು ದೊರೆಯುತ್ತವೆ.

1799ರಲ್ಲಿ ಟಿಪ್ಪೂ ಸುಲ್ತಾನನು ಮಡಿದ ಮೇಲೆ ಈ ಗಿರಿಗಳು ಕಂಪನಿಯ ಕೈಸೇರಿದವು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಮೇಲೇರಿ ಬಂದನು. ಕೆಲವೇ ವರ್ಷಗಳಲ್ಲಿ ಉದಕಮಂಡಲವು ಬಿಸಿಲಿನಿಂದಲೂ ಜ್ವರದಿಂದಲೂ ಬಳಲಿದ ಸೈನಿಕರ ಆರೋಗ್ಯಧಾಮವಾಯಿತು. ಆ ಕಾಲದಲ್ಲಿ ಇಲ್ಲಿದ್ದವನು ಮದರಾಸು ಸೇನೆಯ ಕ್ಯಾಪ್ಟನ್ ಹೆನ್ರಿ ಹಾರ್ಕ್‌ನೆಸ್. ತೋಡರನ್ನು ಮುಖ್ಯವಾಗಿರಿಸಿಕೊಂಡು, ಬಡಗರು, ಕೋತರು, ಕುರುಂಬರು, ಇರುಳರು ಇವರನ್ನೂ ಸೇರಿಸಿ ಅವನು ಬರೆದ ಗ್ರಂಥವು 1832ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಹಾರ್ಕ್‌ನೆಸ್ಸನ ಗುಣವನ್ನು ಮೊದಲು ಹೇಳುವುದು ನ್ಯಾಯ. ಅವನು ಬೆಟ್ಟಗಳ ಮೇಲೆ ನಡೆದಾಡಿದವನು. ಹುಲ್ಲುಗಾವಲಿನಲ್ಲಿ ಕುಳಿತು ನೋಡಿದವನು. ಕಮಾನಿನಂತೆ ಬಾಗಿದ ಹುಲ್ಲುಮನೆ, ತೆವಳಿಕೊಂಡೇ ಒಳಹೊಗಬೇಕಾದ ಸಣ್ಣ ಬಾಗಿಲು, ಎಮ್ಮೆಗಳ ಹಿಂಡು, ಎಲ್ಲರಿಗೂ ಪ್ರವೇಶವಿಲ್ಲದ ಹಾಲುಮನೆ, ಸತ್ತವರೊಡನೆ ಎಮ್ಮೆಯನ್ನೂ ಕಳುಹಿಸಿಕೊಡುವ ಶವಸಂಸ್ಕಾರ, ಇವೆಲ್ಲ ಅವನ ಪುಟಗಳಲ್ಲಿ ಜೀವಂತವಾಗಿವೆ. ಅವನ ತೋಡರು ವಸ್ತುಸಂಗ್ರಹಾಲಯದ ಗೊಂಬೆಗಳಲ್ಲ, ನಗುತ್ತಾರೆ, ಎದುರಾಡುತ್ತಾರೆ. ಪ್ರವಾಸಕಥನವೆಂಬ ದೃಷ್ಟಿಯಿಂದ ಇದು ಸಾಮಾನ್ಯವಾದ ಸಿದ್ಧಿಯಲ್ಲ.

ಆದರೆ ಹಾರ್ಕ್‌ನೆಸ್ಸನ ಕಣ್ಣು ಕಂಡದ್ದನ್ನು ಅವನ ಕಿವಿ ಕೆಡಿಸುತ್ತದೆ. ತೋಡರ ಮೂಗನ್ನು ಕಂಡೊಡನೆ ಅವನಿಗೆ ರೋಮನರ ನೆನಪಾಗುತ್ತದೆ. ಬಡಗರನ್ನು ಅವನು ‘ಬರ್ಗರ್’ ಎಂದು ಬರೆಯುತ್ತಾನೆ. ಅದು ಯೂರೋಪಿನಲ್ಲಿ ಪಟ್ಟಣದ ನಾಗರಿಕನಿಗೆ ಹೇಳುವ ಹೆಸರು. ಬಡಗು ಎಂದರೆ ಉತ್ತರದಿಕ್ಕು, ಬಡಗರೆಂದರೆ ಬಡಗಣಿಂದ, ಅರ್ಥಾತ್ ಮೈಸೂರು ಸೀಮೆಯ ಕಡೆಯಿಂದ ಬಂದವರು ಎಂಬುದು ಕನ್ನಡ ಬಲ್ಲ ಯಾವ ಬಾಲಕನಿಗೂ ಹೊಳೆಯುವ ಅರ್ಥ. ಒಂದು ಜನಾಂಗವು ತನ್ನ ಹೆಸರಿನಲ್ಲಿಯೇ ಹೊತ್ತು ತಂದ ಚರಿತ್ರೆಯು ಒಂದು ಕಾಗುಣಿತದಲ್ಲಿ ಅಳಿಸಿಹೋಯಿತು.

‘ಮಂಡ್’ ಎಂಬ ಮಾತಿನ ಗತಿಯೂ ಹೀಗೆಯೇ. ತೋಡರ ಊರಿಗೆ ಆಂಗ್ಲರು ಬರೆದುಕೊಂಡ ಹೆಸರು ಇದು. ಒಟಕಮಂಡಿನ ಕೊನೆಯಲ್ಲಿ ಇರುವುದೂ ಇದೇ. ನಿಘಂಟುಕಾರರು ಇದನ್ನು ನಮ್ಮ ‘ಮಂದೆ’ ಎಂಬ ಪದದ ಬಳಗಕ್ಕೆ ಸೇರಿಸಿದ್ದಾರೆ. ಊರೂ ಮಂದೆಯೂ ಒಂದೇ ಮಾತಿನಿಂದ ಹುಟ್ಟಿದುವೆಂದು ತಿಳಿದವನಿಗೆ, ಆ ಜನರಲ್ಲಿ ಹಾಲುಮನೆಯೇ ಏಕೆ ದೇಗುಲವಾಯಿತೆಂಬುದು ಅರ್ಧ ತಿಳಿದಂತೆಯೇ. ಸೇನಾಧಿಕಾರಿಗೆ ಅದು ನಕ್ಷೆಯ ಮೇಲಿನ ಒಂದು ಸ್ಥಳನಾಮ ಮಾತ್ರ.

ಎರಡನೆಯವನು ಲೆಫ್ಟಿನೆಂಟ್ ಕರ್ನಲ್ ವಿಲಿಯಂ ಮಾರ್ಷಲ್. ಅವನ ಗ್ರಂಥವು 1873ರಲ್ಲಿ ಬಂದಿತು. ತಲೆಬುರುಡೆಯ ಉಬ್ಬುತಗ್ಗುಗಳಿಂದ ಗುಣವನ್ನು ನಿರ್ಣಯಿಸುವ ಕಪಾಲಶಾಸ್ತ್ರದಲ್ಲಿ ಅವನಿಗೆ ನಂಬಿಕೆ. ಗ್ರಂಥದ ಹೆಸರಿನಲ್ಲಿಯೇ ಆ ಶಾಸ್ತ್ರಜ್ಞನೆಂದು ತನ್ನನ್ನು ಕರೆದುಕೊಂಡಿದ್ದಾನೆ. ತೋಡರ ತಲೆಗಳನ್ನು ಅಳೆದು ಕೋಷ್ಟಕಗಳನ್ನು ಕಟ್ಟಿ, ಇವರು ಆದಿಮ ಸ್ಥಿತಿಯ ಸರಳ ಜನರೆಂದು ಸಾರುತ್ತಾನೆ. ಆ ಶಾಸ್ತ್ರವನ್ನು ವಿಜ್ಞಾನವು ಬಹುಕಾಲದ ಹಿಂದೆಯೇ ತಳ್ಳಿಹಾಕಿದೆ.

ಹಾಗೆಂದು ಗ್ರಂಥವೆಲ್ಲ ಹೊಟ್ಟೆಂದು ನಾವು ಹೇಳುವುದಿಲ್ಲ. ಮನೆಮನೆಯ ಮಕ್ಕಳನ್ನು ಎಣಿಸಿ, ಗಂಡಿಗಿಂತ ಹೆಣ್ಣು ಏಕೆ ಕಡಿಮೆಯೆಂದು ವಿಚಾರಿಸುವಲ್ಲಿ ಮಾರ್ಷಲನ ಶ್ರಮವು ಪ್ರಾಮಾಣಿಕವಾದುದು. ಅಲ್ಲಿ ಅವನಿಗೆ ನೆರವಾದವನು ಬಾಸೆಲ್ ಮಿಷನ್ನಿನ ಫ್ರೀಡ್ರಿಕ್ ಮೆಟ್ಸ್. ಈ ಬೆಟ್ಟಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಇದ್ದು ಇಲ್ಲಿಯ ನುಡಿಗಳನ್ನು ಕಲಿತವನು. ಗ್ರಂಥದಲ್ಲಿ ಸೇರಿರುವ ತೋಡ ವ್ಯಾಕರಣದ ರೂಪರೇಖೆಯು ಜಿ. ಯು. ಪೋಪರದು. ಎಲ್ಲಿ ಮಾರ್ಷಲನು ಅಳತೆಗೋಲನ್ನು ಬದಿಗಿಟ್ಟು ಬಲ್ಲವರ ಬಾಯಿಂದ ಕೇಳುತ್ತಾನೆಯೋ ಅಲ್ಲಿ ಗ್ರಂಥವು ಉಳಿದಿದೆ. ಎಲ್ಲಿ ಅಳೆಯುತ್ತಾನೆಯೋ ಅಲ್ಲಿ ಸತ್ತಿದೆ.

ಇವರೀರ್ವರ ನಂತರ ಬಂದವರು ಇದಕ್ಕೆ ಸಾಕ್ಷಿ. 1901–02ರಲ್ಲಿ ಬಂದ ರಿವರ್ಸ್ ಮಹಾಶಯನು ತೋಡರ ವಂಶಾವಳಿಗಳನ್ನು ಅವರಿಂದಲೇ ಹೇಳಿಸಿಕೊಂಡನು. ಅನಂತರ 1930ರ ದಶಕದಲ್ಲಿ ಬಂದ ಎಮೆನೊ ಅವರ ಹಾಡುಗಳನ್ನು ಬರೆದುಕೊಂಡನು; ಅವು 1971ರಲ್ಲಿ ಒಂದು ದೊಡ್ಡ ಸಂಪುಟವಾಗಿ ಬಂದವು. ಮಾರ್ಷಲನು ಸರಳರೆಂದ ಅದೇ ಜನರು, ಪ್ರತಿಯೊಂದು ಮಾತಿಗೂ ಜೋಡಿ ಮಾತನ್ನು ಹೊಂದಿಸಿ, ಸಾವಿಗೂ ಸಂತೋಷಕ್ಕೂ ನಿಂತಲ್ಲಿಯೇ ಕವಿತೆ ಕಟ್ಟುವವರೆಂದು ಆಗ ಹೊರಗಿನ ಲೋಕಕ್ಕೆ ತಿಳಿಯಿತು. ಆ ಹಾಡುಗಳು ಮಾರ್ಷಲನ ದಿನಗಳಲ್ಲಿ ಇರಲಿಲ್ಲವೆಂದಲ್ಲ. ತಲೆಯನ್ನು ಅಳೆದವನಿಗೆ ಬಾಯಲ್ಲಿದ್ದುದು ಕೇಳಿಸಲಿಲ್ಲ.

ಅನ್ಯರ ತಪ್ಪನ್ನು ಇಷ್ಟು ಎಣಿಸಿದ ಮೇಲೆ ನಮ್ಮದೊಂದನ್ನು ಬಚ್ಚಿಡುವುದು ಸಲ್ಲದು. ಹಿಂದೊಮ್ಮೆ ಮಾರ್ಷಲನ ವಿಚಾರವನ್ನು ನಾವು ತರಗತಿಯಲ್ಲಿ ವಿನೋದವಾಗಿ ಹೇಳಿದೆವು. ಮಕ್ಕಳು ನಕ್ಕು, ದಾರ ಹಿಡಿದು, ಒಬ್ಬರ ತಲೆಯನ್ನೊಬ್ಬರು ಅಳೆಯತೊಡಗಿದರು. ನಾವೂ ನಗುತ್ತ ನಿಂತಿದ್ದೆವು. ಬೆಟ್ಟದ ಮೂಲನಿವಾಸಿಗಳ ಮನೆಯ ಒಬ್ಬ ಬಾಲಕಿ ಮಾತ್ರ ಎರಡು ಕೈಗಳಿಂದ ತಲೆಯನ್ನು ಮುಚ್ಚಿಕೊಂಡು ಕುಳಿತಳು. ಏಕಮ್ಮಾ ಎಂದು ಕೇಳಿದಾಗ, “ನನ್ನನ್ನು ಕೇಳಿದ್ದರೆ ನಾನೇ ಹೇಳುತ್ತಿದ್ದೆನಲ್ಲ ಸಾರ್” ಎಂದಳು. ಅವಳ ಊರಿನಲ್ಲಿ ಮನೆ ಹೇಗೆ ಕಟ್ಟುತ್ತಾರೆ, ಜೇನು ಯಾವಾಗ ಇಳಿಸುತ್ತಾರೆ ಎಂದು ಒಂದು ದಿನವೂ ನಾವು ಕೇಳಿರಲಿಲ್ಲ. ಗುಡ್ಡಗಾಡು ಜನರೆಂಬ ಪಾಠವನ್ನು ಮಾತ್ರ ಪುಸ್ತಕದಿಂದ ಓದಿ, ಅವಳೆದುರಿಗೇ ಬೋಧಿಸಿದ್ದೆವು. ಮಾರ್ಷಲನಿಗೂ ನಮಗೂ ನಡುವೆ ಒಂದು ಶತಮಾನಕ್ಕೂ ಮಿಗಿಲಾದ ಅಂತರವಿತ್ತು. ಆ ಗಳಿಗೆಯಲ್ಲಿ ಅದು ಒಂದು ದಾರದಷ್ಟಾಯಿತು.

ಕನ್ನಡ ಬಲ್ಲ ಉಪಾಧ್ಯಾಯರ ಹೊಣೆ ಈ ಜಿಲ್ಲೆಯಲ್ಲಿ ವಿಶೇಷವಾದುದು. ಬಹುಕಾಲ ತೋಡರು ಹೊರಗಿನವರೊಡನೆ ಮಾತನಾಡುತ್ತಿದ್ದುದು ಬಡಗ ನುಡಿಯಲ್ಲಿ. ಬಡಗರು ಅದನ್ನು ತಮ್ಮ ಸ್ವಂತ ಭಾಷೆಯೆಂದೇ ಎಣಿಸುತ್ತಾರೆ; ಆ ಎಣಿಕೆಯನ್ನು ನಾವು ಗೌರವಿಸಬೇಕು. ಆದರೂ ಅದು ಕನ್ನಡಕ್ಕೆ ತೀರ ಹತ್ತಿರದ ನೆಂಟು. ಹಾರ್ಕ್‌ನೆಸ್ಸನಿಗೆ ದ್ವಿಭಾಷಿ ಬೇಕಾಗಿದ್ದ ಕಡೆ ನಮಗೆ ತಾಳ್ಮೆಯೊಂದಿದ್ದರೆ ಸಾಕು. ಇಷ್ಟು ಸೌಕರ್ಯವಿದ್ದೂ ಕೇಳದೆ ಹೋದರೆ, ನಮ್ಮ ತಪ್ಪು ಆ ಇಬ್ಬರು ಅಧಿಕಾರಿಗಳದಕ್ಕಿಂತ ದೊಡ್ಡದು.

ಆದ ಕಾರಣ ಈ ಗ್ರಂಥಗಳನ್ನು ಓದಬಾರದೆಂದು ನಾವು ಹೇಳುವುದಿಲ್ಲ, ಓದಲೇಬೇಕು. ಆದರೆ ಓದಿದ ಪುಟವನ್ನು ಹಟ್ಟಿಗೂ ಮಂದಿಗೂ ಕೊಂಡೊಯ್ದು, ಇದು ನಿಜವೇ ಎಂದು ಕೇಳಬೇಕು. ವಿದ್ಯಾರ್ಥಿಗಳು ತಮ್ಮ ಅಜ್ಜಿಯರ ಬಾಯಿಂದ ಕೇಳಿದ್ದನ್ನು ಒಂದೊಂದು ಪುಟದಷ್ಟಾದರೂ ತಾವೇ ಬರೆಯಬೇಕು. ಆ ಬಾಲಕಿ ಬರೆದ ಪುಟವು ನಮ್ಮಲ್ಲಿದೆ. ಜೇನು ಇಳಿಸುವ ವಿಷಯವನ್ನು ಅವಳು ಹನ್ನೊಂದು ಸಾಲುಗಳಲ್ಲಿ ಬರೆದಿದ್ದಾಳೆ. ಕಾಗುಣಿತದ ತಪ್ಪುಗಳು ಆರು. ಹೆಸರುಗಳಲ್ಲಿ ಮಾತ್ರ ಒಂದು ತಪ್ಪೂ ಇಲ್ಲ.