ಚಪ್ಪರದ ಬೆಳಕು, ಕಂದು ಬಣ್ಣದ ಆಲ್ಬಮ್

ನಮ್ಮ ಕಡೆ ಬಾರ್ನ್ ಅಂತ ಒಂದು ಕಟ್ಟಡವೇ ಇಲ್ಲ. ಹಟ್ಟಿ ಉಂಟು, ಅದರಲ್ಲಿ ದನ ಇರ್ತದೆ. ಅಂಗಳದ ಆಚೆ ಬೈಹುಲ್ಲಿನ ಕುತ್ತರಿ ಉಂಟು. ಭತ್ತ ಬಡಿಯುವುದು, ಹಪ್ಪಳ ಒಣಗಿಸುವುದು, ಮದುವೆ ಮಾಡುವುದು ಎಲ್ಲ ಅಂಗಳದಲ್ಲೇ. ಆದರೂ ಇತ್ತೀಚೆಗೆ ಉಡುಪಿ, ಕಾಪು, ಕಾರ್ಕಳ ಕಡೆಯ ಮದುವೆ ಆಲ್ಬಮ್ ತೆರೆದರೆ ಎಲ್ಲೋ ಅಮೆರಿಕದ ಹೊಲದ ನಡುವೆ ಮದುವೆ ಆದ ಹಾಗೆ ಕಾಣ್ತದೆ. ಹುಲ್ಲಿನ ಕಟ್ಟಿನ ಮೇಲೆ ಕೂತ ಮದುಮಗಳು, ಒರಗಿಸಿಟ್ಟ ಗಾಡಿಚಕ್ರ, ಗೋಣಿಬಟ್ಟೆಯ ರಿಬ್ಬನ್, ಹಳದಿ ಬಲ್ಬಿನ ಮಾಲೆ. ಇದಕ್ಕೆ 'ರಸ್ಟಿಕ್' ಅಂತ ಹೆಸರು. ಹುಲ್ಲು ತುರಿಸ್ತದೆ ಅಂತ ಮದುಮಗಳ ಕೆಳಗೆ ಬೆಡ್‌ಶೀಟ್ ಹಾಸಿದ್ದು ಮಾತ್ರ ಫೋಟೋದಲ್ಲಿ ಇರುವುದಿಲ್ಲ.

ಸಣ್ಣ ಮದುವೆ ನಮ್ಮಲ್ಲಿ ಹೊಸದೇನಲ್ಲ, ಹಾಲ್ ಬಂದ ಮೇಲೆ ಮರೆತುಹೋಗಿತ್ತು ಅಷ್ಟೆ. 2020ರ ಮೇ ತಿಂಗಳಲ್ಲಿ ಮದುವೆಗೆ 50 ಜನ ಮಾತ್ರ ಅಂತ ಸರ್ಕಾರದ ಮಿತಿ ಬಂದಾಗ ಮತ್ತೆ ಅಂಗಳ ಗುಡಿಸಿದೆವು. ಮಿತಿ ಹೋದ ಮೇಲೂ ಕೆಲವರಿಗೆ ಅದೇ ಇಷ್ಟವಾಯ್ತು. ನನ್ನ ಚಿಕ್ಕಮ್ಮನ ಮಗಳೂ ಹಾಗೆ, ಕಾರ್ಕಳದ ಹತ್ತಿರದ ಮನೆಯಲ್ಲೇ, ಏಪ್ರಿಲ್ ಕೊನೆಗೆ, ನೂರು ಜನರ ಎದುರು ಮದುವೆಯಾದಳು. ಮೊನ್ನೆ ಆಲ್ಬಮ್ ಬಂತು. ಅದನ್ನು ಎರಡು ಸಲ ನೋಡಿದೆ. ಮನಸ್ಸು ತಡೆಯದೆ ಇದನ್ನು ಬರೆಯುತ್ತಿದ್ದೇನೆ. ತೆಗೆದವರ ಹೆಸರು ಬೇಡ, ಅವರೊಬ್ಬರೇ ಹಾಗೆ ತೆಗೆಯುವುದೂ ಅಲ್ಲ.

ಮೊದಲು ಬೆಳಕಿನ ಮಾತು. ಏಪ್ರಿಲ್ ಕೊನೆಯ ವಾರದಲ್ಲಿ ಉಡುಪಿ ಜಿಲ್ಲೆಯಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಹನ್ನೆರಡೂವರೆ ಹೊತ್ತಿಗೆ ನೆಟ್ಟ ಕಂಬದ ನೆರಳು ಅದರ ಬುಡದಲ್ಲೇ ಇರ್ತದೆ. ನಮ್ಮ ಮುಹೂರ್ತಗಳೂ ಹೆಚ್ಚಾಗಿ ಅದೇ ಸುಮಾರಿಗೆ. ಬಯಲಲ್ಲಿ ನಿಂತವರ ಕಣ್ಣಿನ ಗುಳಿ ಕಪ್ಪು, ಮೂಗಿನ ತುದಿ ಬಿಳಿ. ಕ್ಯಾಮೆರಾಕ್ಕೆ ಇದಕ್ಕಿಂತ ಕೆಟ್ಟ ಬಿಸಿಲು ಇಲ್ಲ ಅಂತ ಯಾವ ಯೂಟ್ಯೂಬ್ ಗುರುವೂ ಹೇಳ್ತಾನೆ. ಆದರೆ ಇಲ್ಲಿ ಮದುವೆ ಬಯಲಲ್ಲಿ ಆಗುವುದಿಲ್ಲ ಮಾರಾಯ್ರೆ, ಚಪ್ಪರದಲ್ಲಿ ಆಗ್ತದೆ. ಅಡಿಕೆ ಮರದ ಕಂಬ, ಮೇಲೆ ತೆಂಗಿನ ಮಡಲು, ಅದರ ಕೆಳಗೆ ಮಂಟಪದ ಮೇಲೆ ಬಿಳಿ ಬಟ್ಟೆಯ ಮೇಲ್ಕಟ್ಟು. ಮಡಲು ಬಿಸಿಲನ್ನು ಚೂರು ಮಾಡ್ತದೆ, ಮೇಲ್ಕಟ್ಟು ಆ ಚೂರುಗಳನ್ನು ಹರಡಿ ಮೆತ್ತಗೆ ಕೆಳಗೆ ಇಳಿಸ್ತದೆ. ಸ್ಟುಡಿಯೋದವರು ಸಾವಿರಗಟ್ಟಲೆ ಕೊಟ್ಟು ತರುವ ಸಾಫ್ಟ್‌ಬಾಕ್ಸ್ ಮಾಡುವ ಕೆಲಸವೂ ಇಷ್ಟೇ.

ಮನೆಯೊಳಗೆ ಇನ್ನೊಂದು ಲೆಕ್ಕ. ನಮ್ಮ ಮನೆಗಳ ಮಾಡು ತೀರಾ ಕೆಳಗೆ ಇಳಿದಿರುವುದು ಮಳೆಗಾಗಿ. ನಾಲ್ಕು ಸಾವಿರ ಮಿಲಿಮೀಟರ್ ಸುರಿಯುವ ಊರಲ್ಲಿ ಗೋಡೆ ಉಳಿಯಬೇಕಲ್ಲ. ಆಕಾಶದ ಬೆಳಕು ಜಗಲಿಗೆ ನೇರ ಬರುವುದೇ ಇಲ್ಲ. ಸಾರಿಸಿದ ಅಂಗಳಕ್ಕೆ ಬಿದ್ದು, ಅಲ್ಲಿಂದ ಎದ್ದು, ಕೆಳಗಿನಿಂದ ಮುಖಕ್ಕೆ ಬರ್ತದೆ. ಜಗಲಿಯಲ್ಲಿ ಕೂತು ವೀಳ್ಯದೆಲೆ ಒರೆಸುವ ಅಜ್ಜಿಯ ಮುಖದ ಸುಕ್ಕು ಅದಕ್ಕೇ ಅಷ್ಟು ಚಂದ ಕಾಣುವುದು. ಅಡುಗೆಕೋಣೆಯಲ್ಲಾದರೆ ಮಂಗಳೂರು ಹಂಚಿನ ನಡುವೆ ಒಂದೋ ಎರಡೋ ಗಾಜಿನ ಹಂಚು ಇರ್ತದೆ. ಬೆಳಗ್ಗೆ ಹೊಗೆಯ ನಡುವೆ ಬೆಳಕಿನ ಕೋಲು ಇಳಿಯುವುದನ್ನು ನೋಡಬೇಕಿದ್ದರೆ ಅಲ್ಲಿ ಹೋಗಬೇಕು.

ಈ ಬೆಳಕನ್ನು ಫೋಟೋ ತೆಗೆಯುವವರು ಕಲಿಯಲು ದೂರ ಹೋಗಬೇಕಾಗಿಲ್ಲ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ವಿಜಯನಾಥ ಶೆಣೈಯವರು ಬೀಳಲಿದ್ದ ಮನೆಗಳ ಕಂಬ, ಬಾಗಿಲು, ಮಾಡು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ. ಕಾರ್ಕಳ ಬದಿಯ ಮಿಯಾರಿನ ಮನೆಯೂ ಅಲ್ಲಿ ಉಂಟು. 2017ರಲ್ಲಿ ತೀರಿಕೊಂಡ ಆ ಮನುಷ್ಯ ಮರದ ಜೊತೆ ಆ ಮನೆಗಳ ಒಳಗಿನ ಕತ್ತಲನ್ನೂ ಉಳಿಸಿದರು ಅಂತ ನನಗೆ ಯಾವಾಗಲೂ ಅನಿಸ್ತದೆ. ಚಾವಡಿಯಲ್ಲಿ ಹತ್ತು ನಿಮಿಷ ಸುಮ್ಮನೆ ಕೂತರೆ ಕಣ್ಣು ಹೊಂದಿಕೊಂಡು ಒಂದೊಂದೇ ವಸ್ತು ಕಾಣತೊಡಗುತ್ತದೆ. ನಮ್ಮ ಮದುವೆ ಫೋಟೋಗ್ರಾಫರುಗಳಿಗೆ ಆ ಹತ್ತು ನಿಮಿಷ ಪುರುಸೊತ್ತಿಲ್ಲ.

ಚಿಕ್ಕಮ್ಮನ ಮನೆಗೆ ಬಂದವರು ಮಾಡಿದ್ದೇನು? ಮಂಟಪದ ಎರಡು ಬದಿಗೆ ಸ್ಟ್ಯಾಂಡ್ ನೆಟ್ಟು ಫ್ಲಾಶ್ ಹೊಡೆದರು. ಚಪ್ಪರದ ಬೆಳಕು ಅಲ್ಲಿಗೆ ಮುಗಿಯಿತು. ಧಾರೆ ಎರೆಯುವಾಗ ಮೂರು ಜನ ಮುಂದೆ ನಿಂತರು, ಹಿಂದೆ ಕೂತವರಿಗೆ ಕಂಡದ್ದು ಅವರ ಬೆನ್ನು. ಅದೂ ಸಾಲದು ಅಂತ, "ಅಂಕಲ್, ಗಿಂಡಿ ಇನ್ನೊಮ್ಮೆ ಎತ್ತಿ, ನೀರು ಸ್ವಲ್ಪ ನಿಧಾನ ಬಿಡಿ" ಅಂದರು. ಮಗಳನ್ನು ಧಾರೆ ಎರೆದು ಕೊಡುವ ಅಪ್ಪ ಕಣ್ಣೊರೆಸಿಕೊಂಡು ಇನ್ನೊಮ್ಮೆ ಎತ್ತಿದರು. ಆಲ್ಬಮ್ಮಿನಲ್ಲಿ ಇರುವುದು ಎರಡನೇ ಸಲದ್ದು. ನೀರಿನ ಹನಿ ಒಂದೊಂದೂ ಸ್ಪಷ್ಟ. ಚಿಕ್ಕಪ್ಪನ ಮುಖದಲ್ಲಿ ಮಾತ್ರ 'ಈಗ ಸರಿ ಬಂತಾ?' ಅಂತ ಕೇಳುವ ನಗೆ. ತಾಂತ್ರಿಕವಾಗಿ ಇಡೀ ಆಲ್ಬಮ್ಮಿನ ಒಳ್ಳೆಯ ಫೋಟೋ ಅದೇ ಇರಬಹುದು. ನನಗೆ ನೋಡಲಾಗುವುದಿಲ್ಲ.

ಮತ್ತೆ ಡ್ರೋನ್. ತೆಂಗಿನ ತೋಟದ ಮೇಲಿಂದ ಹಂಚಿನ ಮಾಡು ಚಂದ ಕಾಣ್ತದೆ, ಒಪ್ಪಿದೆ. ಆದರೆ ಚಪ್ಪರದ ಒಳಗೆ ನಡೆಯುವ ಮದುವೆ ಮೇಲಿನಿಂದ ಕಾಣುವುದಿಲ್ಲ ಅನ್ನುವುದಕ್ಕೆ ಎಂಜಿನಿಯರಿಂಗ್ ಓದಬೇಕಾ?

ಎಲ್ಲದಕ್ಕಿಂತ ದೊಡ್ಡ ತಕರಾರು ಬಣ್ಣದ್ದು. ಪ್ರೀಸೆಟ್ ಅಂದರೆ ನಮ್ಮ ಭಾಷೆಯಲ್ಲಿ ಹಾರ್ಡ್‌ಕೋಡ್ ಮಾಡಿದ ಕಾನ್ಫಿಗ್. ಯಾವುದೋ ಚಳಿ ದೇಶದ ಸಂಜೆಗೆ ಯಾರೋ ಬರೆದದ್ದು. ಅದನ್ನು ಕಾರ್ಕಳದ ಮಧ್ಯಾಹ್ನದ ಮೇಲೆ ರನ್ ಮಾಡಿದರೆ ಹಸಿರೆಲ್ಲ ಒಣಗಿದ ಕಂದು, ಕುಂಕುಮ ಇಟ್ಟಿಗೆಪುಡಿ. ಹಿಂದಿನ ದಿನ ಕಡಿದ ಮಡಲು ಫೋಟೋದಲ್ಲಿ ಹೋದ ವರ್ಷದ್ದಾಗಿತ್ತು. ಶಂಕರಪುರದ ಮಲ್ಲಿಗೆ ಹಳೆ ಪೇಪರಿನ ಬಣ್ಣಕ್ಕೆ ತಿರುಗಿತ್ತು. ಎಂಟುನೂರು ಮೊಗ್ಗು ಬಾಳೆನಾರಿನಲ್ಲಿ ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆ ಕಟ್ಟುವ ಕೈಗಳಿಗೆ ತೋರಿಸುವ ಹಾಗಿಲ್ಲ ಈ ಫೋಟೋವನ್ನು.

ಹೂವಿನದ್ದು ಬಿಡಿ, ಮೈಬಣ್ಣಕ್ಕೆ ಬನ್ನಿ. ನನ್ನ ತಂಗಿ ಕಪ್ಪು. ನಮ್ಮ ಮನೆಯವರೆಲ್ಲ ಕಪ್ಪೇ. ಆಲ್ಬಮ್ಮಿನಲ್ಲಿ ಅವಳ ಮುಖ ಅವಳ ಕೈಗಿಂತ ಎರಡು ಪಟ್ಟು ಬೆಳ್ಳಗಿದೆ. ಪಕ್ಕದಲ್ಲಿ ನಿಂತ ಚಿಕ್ಕಮ್ಮನನ್ನು ಮುಟ್ಟಿಲ್ಲ, ಅವರು ಇದ್ದ ಹಾಗೇ ಇದ್ದಾರೆ. ತಾಯಿ-ಮಗಳು ಬೇರೆ ಬೇರೆ ಊರಿನಿಂದ ಬಂದು ಫೋಟೋಕ್ಕೆ ನಿಂತ ಹಾಗೆ. ಕ್ಯಾಮೆರಾದ ತಪ್ಪು ಅಂತ ಜಾರಿಕೊಳ್ಳಲು ಒಂದು ಕಾಲದಲ್ಲಿ ಆಗುತ್ತಿತ್ತು. ಕೊಡಾಕ್ ಕಾಲದ ಲ್ಯಾಬುಗಳು ಬಣ್ಣ ಹೊಂದಿಸುತ್ತಿದ್ದದ್ದೇ ಬಿಳಿ ಹೆಂಗಸಿನ ಫೋಟೋ ಇದ್ದ 'ಶರ್ಲಿ ಕಾರ್ಡ್' ನೋಡಿಕೊಂಡು. ಈಗ ಹಾಗಲ್ಲ. 2021ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 6 ಫೋನಿಗೆ 'ರಿಯಲ್ ಟೋನ್' ಅಂತ ಹಾಕಿದ್ದೇ ಕಪ್ಪು, ಕಂದು ಚರ್ಮ ಇದ್ದ ಹಾಗೆ ಬರಲಿ ಅಂತ. ಯಂತ್ರ ಸುಧಾರಿಸಿದೆ, ಸ್ಲೈಡರ್ ಎಳೆಯುವ ಕೈ ಸುಧಾರಿಸಿಲ್ಲ. ತಂಗಿ ಆ ಪುಟ ನೋಡಿ ಏನೂ ಹೇಳಲಿಲ್ಲ, ಮುಂದಿನ ಪುಟಕ್ಕೆ ಹೋದಳು. ಎಲ್ಲರೂ ಹೊಗಳಿದ ಅವಳ ಮದುವೆ ದಿನದ ಮುಖ ಯಾರೋ ತಿದ್ದಬೇಕಾದದ್ದು ಅಂತ ನಲವತ್ತು ಪುಟದ ಆಲ್ಬಮ್ ಹೇಳುತ್ತಿದೆ. ಅದಕ್ಕೆ ನಾವು ದುಡ್ಡೂ ಕೊಟ್ಟಿದ್ದೇವೆ.

ಹಳೆಯ ಸ್ಟುಡಿಯೋದವರು ದೊಡ್ಡ ಕಲಾವಿದರಾಗಿದ್ದರು ಅಂತ ನಾನು ಹೇಳುವುದಿಲ್ಲ. ಮೂವತ್ತಾರು ಫೋಟೋದ ರೋಲು, ಎಲ್ಲರೂ ಸಾಲಾಗಿ ನಿಂತು ಉಸಿರು ಹಿಡಿದ ಗ್ರೂಪ್ ಫೋಟೋ. ಬೋರು. ಆದರೆ ಆ ಸಾಲಿನಲ್ಲಿ ಎಲ್ಲರೂ ಇದ್ದರು. ಅಮ್ಮನ ಮದುವೆಯ ಫೋಟೋದ ತುದಿಯಲ್ಲಿ ಚಪ್ಪರ ಹಾಕಿದವರು ಬೈರಾಸು ಹೆಗಲಿಗೆ ಹಾಕಿ ನಿಂತಿದ್ದಾರೆ. ಈಗಿನ ಆಲ್ಬಮ್ಮಿನಲ್ಲಿ ಇಬ್ಬರ ಹೊರತು ಉಳಿದವರೆಲ್ಲ ಮಂಜು. ಎಫ್ 1.4 ಲೆನ್ಸಿನಲ್ಲಿ ಮದುಮಗಳ ರೆಪ್ಪೆ ಚೂಪಾಗಿ ಬಂದಿದೆ, ಪಕ್ಕದಲ್ಲೇ ಕೂತ ಅಜ್ಜಿ ಬಿಳಿ ಉಂಡೆ. ಅಜ್ಜಿಗೆ ಎಂಬತ್ತಾರು. ಮುಂದಿನ ಮದುವೆಯಲ್ಲಿ ಇರುತ್ತಾರೋ ಇಲ್ಲವೋ.

ಒಂದು ಒಳ್ಳೆಯ ಫೋಟೋ ಉಂಟು. ಆಲ್ಬಮ್ಮಿನಲ್ಲಿ ಇಲ್ಲ, ಪೆನ್‌ಡ್ರೈವಿನಲ್ಲಿ ಕೊಟ್ಟ ಬೇಡದ ಫೈಲುಗಳ ನಡುವೆ ಸಿಕ್ಕಿತು. ಲೈಟ್ ಹಿಡಿಯುವ ಹುಡುಗ ತೆಗೆದದ್ದಂತೆ. ಅಡುಗೆಕೋಣೆ, ಬೆಳಗ್ಗಿನ ಹೊತ್ತು. ದೊಡ್ಡಮ್ಮ ಮದುಮಗಳಿಗೆ ಒಂದು ತುತ್ತು ತಿನ್ನಿಸುತ್ತಿದ್ದಾರೆ, ಸೀರೆಗೆ ಬೀಳದ ಹಾಗೆ ಕೆಳಗೆ ಇನ್ನೊಂದು ಕೈ. ಗಾಜಿನ ಹಂಚಿನ ಬೆಳಕು ಆ ಕೈಯ ಮೇಲೆ ಮಾತ್ರ ಬಿದ್ದಿದೆ. ತಂಗಿ ಕಪ್ಪಗೇ ಇದ್ದಾಳೆ, ಬಾಯಿ ತುಂಬ ಇದೆ, ನಗುತ್ತಿದ್ದಾಳೆ. ಸ್ವಲ್ಪ ಅಲುಗಿದೆ ಕೂಡಾ. ಮೈಸೂರಿನ ಟಿ.ಎಸ್. ಸತ್ಯನ್ ಜೀವಮಾನವಿಡೀ ಸಾಮಾನ್ಯ ಜನರನ್ನು ಅವರವರ ಕೆಲಸದ ನಡುವೆ, ಇದ್ದ ಬೆಳಕಲ್ಲಿ ತೆಗೆದರಲ್ಲ, ಆ ಜಾತಿಯದು ಇದು. ಇದನ್ನು ಯಾಕೆ ಹಾಕಲಿಲ್ಲ ಅಂತ ಫೋನ್ ಮಾಡಿ ಕೇಳಿದೆ. "ಬ್ಯಾಕ್‌ಗ್ರೌಂಡಲ್ಲಿ ಗ್ಯಾಸ್ ಸಿಲಿಂಡರ್ ಉಂಟಲ್ಲ ಅಣ್ಣ, ರಸ್ಟಿಕ್ ಕಾಣುವುದಿಲ್ಲ" ಅಂದರು.

ಬೆಂಗಳೂರಲ್ಲಿ ಕೂತು ಬರುವ ಬೇಸಿಗೆಗೆ ಊರಿನ ಅಂಗಳದಲ್ಲಿ ಮದುವೆ ಅಂತ ಯೋಚಿಸುತ್ತಿರುವವರಿಗೆ ಎರಡು ಮಾತು. ಫೋಟೋಗ್ರಾಫರ್ ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ ಹತ್ತು ಫೋಟೋ ನೋಡಿ ಅಡ್ವಾನ್ಸ್ ಕೊಡಬೇಡಿ. ಒಂದು ಇಡೀ ಮದುವೆಯ ಫೈಲು ಕೇಳಿ, ಅದರಲ್ಲಿ ಅಜ್ಜಿಯರನ್ನು ಹುಡುಕಿ. ಮುಖ ಬೆಳ್ಳಗೆ ಮಾಡುವ ಹಾಗಿಲ್ಲ ಅಂತ ಮೊದಲೇ ವಾಟ್ಸಾಪಿನಲ್ಲಿ ಬರೆದು ಕಳಿಸಿ, ಬಾಯಿಮಾತು ಸಾಲದು. ಹಿಂದಿನ ಸಂಜೆ ಮೇಲ್ಕಟ್ಟು ಕಟ್ಟುವ ಹೊತ್ತಿಗೆ ಅವರನ್ನು ಮನೆಗೆ ಕರೆಸಿ, ಒಂದು ಚಾ ಕೊಟ್ಟು ಜಗಲಿಯಲ್ಲಿ ಕೂರಿಸಿ. ಮೇಲ್ಕಟ್ಟಿಗೆ ಬಿಳಿ ಬಟ್ಟೆಯೇ ಆಗಬೇಕು. ಡೆಕೊರೇಶನ್‌ನವರು ಗುಲಾಬಿ ಸ್ಯಾಟಿನ್ ತಂದರೆ ಎಲ್ಲರ ಮುಖವೂ ಗುಲಾಬಿ. ಮೇ ಕೊನೆಯ ಮದುವೆಯಾದರೆ ಮಳೆಗೆ ಹೆದರಿ ಮನೆಯವರು ಮಡಲಿನ ಮೇಲೆ ನೀಲಿ ಟರ್ಪಾಲು ಎಳೆಸುತ್ತಾರೆ, ಅದು ಇನ್ನೂ ಕಷ್ಟ. ಪಾರದರ್ಶಕ ಶೀಟು ಸಿಗ್ತದಾ ಅಂತ ಶಾಮಿಯಾನದವರ ಹತ್ತಿರ ಈಗಲೇ ಕೇಳಿಡಿ.