ನಾಣ್ಯ ನೋಡಿ ಮನೆ ಮರೆತವರು

ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರ ಮನೆಗೆ ಈಗ ಜನ ಹೋಗುವುದು ನಾಣ್ಯ ನೋಡಲು. ಕಾರ್ಪೊರೇಷನ್ ಬ್ಯಾಂಕ್ ತನ್ನ ಸ್ಥಾಪಕರ ಮನೆಯನ್ನು ಕೆಡವದೆ ಸಂಗ್ರಹಾಲಯ ಮಾಡಿತು. ಆ ಒಂದು ಕೆಲಸಕ್ಕೆ ಅದಕ್ಕೆ ಪೂರ್ತಿ ಅಂಕ ಕೊಡಬೇಕು. ಕರಾವಳಿಯ ಪೇಟೆಗಳಲ್ಲಿ ಅಂಥ ಜಾಗ ಸಿಕ್ಕರೆ ವಾಣಿಜ್ಯ ಸಂಕೀರ್ಣ ಏಳುವುದೇ ರೂಢಿ. ಆದರೆ ಒಳಗೆ ಹೋದವರ ಕಣ್ಣು ಗಾಜಿನ ಪೆಟ್ಟಿಗೆಗಳಲ್ಲೇ ನಿಲ್ಲುತ್ತದೆ. ಕದಂಬರ, ಹೊಯ್ಸಳರ, ವಿಜಯನಗರದ ನಾಣ್ಯಗಳು ಚೆನ್ನಾಗಿಯೇ ಇವೆ. ಅವನ್ನು ಬೆಂಗಳೂರಿನಲ್ಲಿಟ್ಟರೂ ಇಷ್ಟೇ ಚೆನ್ನಾಗಿರುತ್ತಿದ್ದವು. ಬೆಂಗಳೂರಿಗೆ ಒಯ್ಯಲಾಗದ್ದು ಅವುಗಳ ಸುತ್ತಲಿನ ಗೋಡೆ, ಮೇಲಿನ ಮಾಡು.

1906ರ ಮಾರ್ಚ್ 12ರಂದು ಈ ಬ್ಯಾಂಕ್ ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ) ಲಿಮಿಟೆಡ್’ ಎಂಬ ಹೆಸರಿನಲ್ಲಿ ಶುರುವಾದಾಗ ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನ ಸಂಜೆ ಲೆಕ್ಕ ಹಾಕಿದಾಗ ಇದ್ದದ್ದು 38 ರೂಪಾಯಿ 13 ಆಣೆ 2 ಪೈ. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದೊಳಗಿತ್ತು. ಆ ಮದರಾಸಿನ ಕಡಲ ಬದಿಯಲ್ಲಿ ಬ್ಯಾಂಕ್ ಆಫ್ ಮದ್ರಾಸ್ ಗುಮ್ಮಟ, ಕಮಾನುಗಳ ಕೆಂಪು ಕಟ್ಟಡ ಕಟ್ಟಿಸಿಕೊಂಡು ಕೂತಿತ್ತು. ‘ನನ್ನ ಹತ್ತಿರ ದುಡ್ಡಿದೆ’ ಎಂದು ಬೀದಿಗೆಲ್ಲ ಕೇಳುವಂತೆ ಹೇಳುವ ಕಟ್ಟಡ ಅದು. ಉಡುಪಿಯ ಬ್ಯಾಂಕಿಗೆ ಆ ಗತ್ತು ಬೇಕಿರಲಿಲ್ಲ. ಸಾಹೇಬರ ಮನೆ ಎಲ್ಲಿದೆ ಎಂದು ಊರಿಗೆ ಗೊತ್ತಿತ್ತು, ಸಾಹೇಬರು ಎಂಥವರು ಎಂದೂ ಗೊತ್ತಿತ್ತು. ದುಡ್ಡು ಇಡಲು ಬಂದವನು ಮನೆಯೊಂದರ ಜಗಲಿ ಹತ್ತುತ್ತಿದ್ದ. ಸಂಗ್ರಹಾಲಯ ಎದ್ದು ಕಾಣುವಂತೆ ಹೇಳಬೇಕಾದ ಕಥೆ ಇದು. ನಾಣ್ಯದ ಹೊಳಪಿನಲ್ಲಿ ಅದು ಹಿಂದೆ ಸರಿದಿದೆ.

ಇದೇ ಊರಿನಲ್ಲಿ 1925ರಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯದು ಇನ್ನೂ ಸ್ವಾರಸ್ಯದ ದಾರಿ. ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿಯಲ್ಲಿ ಅದನ್ನು ಕಟ್ಟಿದ್ದು ಸೋತು ಕೂತಿದ್ದ ಕೈಮಗ್ಗದವರಿಗೆ ಸಾಲ ಕೊಡಲೆಂದು. 1928ರಲ್ಲಿ ಪಿಗ್ಮಿ ಬಂತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಏಜೆಂಟ್ ಮನೆ ಬಾಗಿಲಿಗೇ ಬಂದು ಎತ್ತಿಕೊಂಡು ಹೋಗುವ ಏರ್ಪಾಡು. ಅಂದರೆ ಇಲ್ಲಿನ ಬ್ಯಾಂಕಿನ ಅರ್ಧ ವಾಸ್ತು ಅಂಗಡಿಗಳ ಮೆಟ್ಟಿಲಲ್ಲಿ, ಮೀನು ಮಾರುವವರ ಬುಟ್ಟಿಯ ಪಕ್ಕದಲ್ಲಿತ್ತು. ಕಟ್ಟಡಗಳನ್ನಷ್ಟೇ ಉಳಿಸಿದರೆ ಪರಂಪರೆ ಉಳಿಯಿತು ಎನ್ನುವವರು ಇದಕ್ಕೆ ಉತ್ತರ ಹೇಳಬೇಕಾಗುತ್ತದೆ.

2020ರ ಏಪ್ರಿಲ್ 1ರಂದು, ದೇಶ ಬಾಗಿಲು ಹಾಕಿಕೊಂಡು ಕೂತಿದ್ದಾಗ, ಉಡುಪಿಯಲ್ಲಿ ಹುಟ್ಟಿದ ಎರಡೂ ಬ್ಯಾಂಕುಗಳ ಹೆಸರು ಒಂದೇ ದಿನ ಅಳಿಸಿಹೋಯಿತು. ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ, ಸಿಂಡಿಕೇಟ್ ಕೆನರಾ ಬ್ಯಾಂಕಿನೊಳಗೆ ಸೇರಿದವು. ಅಲ್ಲಿಯವರೆಗೆ ಸಂಸ್ಥೆಯೇ ತನ್ನ ನೆನಪನ್ನು ಹೊತ್ತಿತ್ತು. ಈಗ ಆ ಭಾರ ಹಳೆಯ ಕಟ್ಟಡಗಳ ಮೇಲೆ ಬಿದ್ದಿದೆ. ಅವುಗಳ ಕೀಲಿಕೈ ಮುಂಬಯಿ, ಬೆಂಗಳೂರಿನ ಪ್ರಧಾನ ಕಚೇರಿಗಳಲ್ಲಿದೆ.

ಕರಾವಳಿಯಲ್ಲಿ ಬ್ಯಾಂಕ್ ಕಟ್ಟಿದವರೇ ಶಾಲೆಯನ್ನೂ ಕಟ್ಟಿದರು. ಮಂಗಳೂರಿನ ಅಮ್ಮೆಂಬಳ ಸುಬ್ಬರಾವ್ ಪೈ 1891ರಲ್ಲಿ ಕೆನರಾ ಹೈಸ್ಕೂಲ್ ತೆರೆದು, ಕೆನರಾ ಬ್ಯಾಂಕಿಗೆ ಕೈಹಾಕಿದ್ದು 1906ರಲ್ಲಿ. ಟಿ.ಎಂ.ಎ. ಪೈ ಅವರದು ತಿರುಗಾಮುರುಗಾ: ಮೊದಲು ಬ್ಯಾಂಕ್, ಆಮೇಲೆ ಕಾಲೇಜುಗಳು. ಇವರಿಗೂ ಹಿಂದಿನಿಂದ ಬಾಸೆಲ್ ಮಿಷನ್‌ನವರ ಶಾಲೆಗಳಿದ್ದವು. ಆ ಕಾಲದ ಶಾಲೆಯ ರೂಪ ಎಲ್ಲರಿಗೂ ಪರಿಚಿತ: ಮುರಕಲ್ಲಿನ ದಪ್ಪ ಗೋಡೆ, ಸಾಲು ಕೋಣೆ, ಅವಕ್ಕೆಲ್ಲ ಒಂದೇ ಉದ್ದ ಜಗಲಿ, ಮೇಲೆ ಪಕ್ಕಾಸು, ರೀಪು, ಮಂಗಳೂರು ಹಂಚು. ಮಿಷನ್‌ನವರದೇ ಹಂಚಿನ ಕಾರ್ಖಾನೆ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುವಾಗಿ, ಮುಂದೆ ಮಲ್ಪೆಯಲ್ಲೂ ಒಂದಾಯಿತು.

ಸಂರಕ್ಷಣೆಯ ಲೆಕ್ಕದಲ್ಲಿ ನನ್ನ ಮಟ್ಟಿಗೆ ಈ ಶಾಲೆಗಳು ಸಂಗ್ರಹಾಲಯಕ್ಕಿಂತ ಮೇಲು. ಯಾರೂ ಅವನ್ನು ಪರಂಪರೆ ಎಂದು ಕರೆಯಲಿಲ್ಲ. ಪ್ರತಿ ಮೇ ತಿಂಗಳಲ್ಲಿ ಯಾರೋ ಮಾಡು ಹತ್ತಿ ಹಂಚು ಕೈಯಾಡಿಸಿದರು, ಒಡೆದದ್ದನ್ನು ತೆಗೆದು ಬೇರೆ ಹಾಕಿದರು, ಗೆದ್ದಲು ತಿಂದ ಪಕ್ಕಾಸು ಬದಲಿಸಿದರು. ಜೂನ್‌ನಲ್ಲಿ ಮಕ್ಕಳು ಬರುತ್ತಾರೆ ಎಂಬ ಒಂದೇ ಒತ್ತಾಯಕ್ಕೆ ಕಟ್ಟಡ ನೂರು ವರ್ಷ ನಿಂತಿತು. ಜಗಲಿ ಕೂಡ ಅಲಂಕಾರಕ್ಕಲ್ಲ: ಬೀಸುವ ಮಳೆ ಗೋಡೆಗೆ ತಾಗದಂತೆ ತಡೆದು, ಒದ್ದೆ ಕೊಡೆಗಳಿಗೆ ಜಾಗವಾಗಿ, ಮಧ್ಯಾಹ್ನ ಮಕ್ಕಳಿಗೆ ಊಟದ ಪಂಕ್ತಿಯಾಗುತ್ತದೆ.

ಇಂಥ ಕಟ್ಟಡಕ್ಕೆ ಅಪಾಯ ಬರುವುದು ಶತಮಾನೋತ್ಸವದಲ್ಲಿ. ಹಳೆ ವಿದ್ಯಾರ್ಥಿಗಳು ಮುಂಬಯಿಯಿಂದ, ದುಬೈಯಿಂದ ಪ್ರೀತಿಯಿಂದಲೇ ದುಡ್ಡು ಕಳಿಸುತ್ತಾರೆ. ಆ ದುಡ್ಡಿನಲ್ಲಿ ಹಂಚಿನ ಕಟ್ಟಡ ಇಳಿದು ಕಾಂಕ್ರೀಟಿನದು ಏಳುತ್ತದೆ, ಎದುರಿಗೆ ದ್ವಾರ, ದ್ವಾರದ ಮೇಲೆ ದಾನಿಗಳ ಹೆಸರು. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಸ್ಲ್ಯಾಬ್ ಸೋರತೊಡಗಿ, ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಇಳಿಜಾರು ಮಾಡು ಹೊದಿಸುತ್ತಾರೆ. ಸೂಟಿನ ಮೇಲೆ ಗೊರಬು ಹಾಕಿಕೊಂಡಂತೆ. ಹಂಚಿನ ಮಾಡು ಮೊದಲ ದಿನದಿಂದ ಮಾಡುತ್ತಿದ್ದ ಕೆಲಸವನ್ನು ಎರಡು ಖರ್ಚಿನಲ್ಲಿ ಮಾಡಿಸಿದಂತಾಯಿತು. ಮಳೆ ಜೋರಾದಾಗ ಆ ತಗಡಿನ ಕೆಳಗಿನ ಮೇಲಂತಸ್ತಿನಲ್ಲಿ ಪಾಠ ಮಾಡಿದ ಮಾಸ್ಟ್ರನ್ನು ಕೇಳಿ ನೋಡಿ.

ಹಳೆಯ ಕಟ್ಟಡ ಬೇಡವೆನ್ನುವ ಮುಖ್ಯೋಪಾಧ್ಯಾಯರ ಮಾತನ್ನೂ ತಳ್ಳಿಹಾಕಲಾಗದು. ಗಾಳಿಮಳೆಗೆ ಮಾಡು ಕುಸಿದರೆ ಹೊಣೆ ಅವರದು. ಒಳ್ಳೆಯ ಮರ ದುಬಾರಿ. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ. ಮಾಡಿನ ಕೆಲಸ ಬಲ್ಲ ಆಚಾರಿಗಳು ಕರೆದ ಕೂಡಲೇ ಸಿಗುವುದಿಲ್ಲ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಕಟ್ಟಿ, ಕೆಡವಲು ಹೊರಟಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಕುಂಜೂರಿನ ಚೌಕಿಮನೆಯಂಥದ್ದು ಇಲ್ಲದಿದ್ದರೆ ಸೌದೆಯಾಗುತ್ತಿತ್ತು. ಆ ಸಾಹಸದ ಬಗ್ಗೆ ನನಗೆ ಗೌರವವಿದೆ. ಶಾಲೆಗೆ, ಬ್ಯಾಂಕಿಗೆ ಮಾತ್ರ ಆ ದಾರಿ ಒಗ್ಗದು. ಬಸ್‌ಸ್ಟ್ಯಾಂಡಿನಿಂದ ನಡೆದು ಬರುವ ಮಕ್ಕಳಿಲ್ಲದೆ, ಸಂತೆ ಮುಗಿಸಿ ಬರುವ ಗಿರಾಕಿಯಿಲ್ಲದೆ ಅವು ಏನೂ ಅಲ್ಲ. ಹಾಗಾಗಿ ಮೊದಲ ಕೆಲಸ ಶತಮಾನೋತ್ಸವ ಸಮಿತಿಗಳದು: ಹೊಸ ಕೋಣೆಗಳು ಬೇಕಿದ್ದರೆ ಹಿತ್ತಿಲಲ್ಲಿ ಕಟ್ಟಿಸಲಿ, ದ್ವಾರಕ್ಕೆ ಎತ್ತಿಟ್ಟ ದುಡ್ಡನ್ನು ಬ್ಯಾಂಕಿನಲ್ಲಿ ಠೇವಣಿಯಿಟ್ಟು ಅದರ ಬಡ್ಡಿಯಲ್ಲಿ ವರ್ಷವರ್ಷ ಹಳೆ ಮಾಡಿನ ಹಂಚು ಕೈಯಾಡಿಸಲಿ.